ಒಗೆದದ್ದು, ಒತ್ತಿದ್ದು

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗಲೆಲ್ಲ
ನನ್ನ ಇಸ್ತ್ರಿ ಅಂಗಡಿಯ ನೆರಳಿಗೆ ನಾಲ್ಕು ಜನ ಬಂದು ನಿಲ್ಲುತ್ತಾರೆ.
ಹಾಗೆ ನಿಂತವರೇ ಕೊಟ್ರಬಸಪ್ಪನವರು.
ಪಂಚಾಂಗದ ನಡುವಿಂದ ಒಂದು ಹತ್ತರ ನೋಟು ತೆಗೆದು
"ಮಾಚಪ್ಪ, ಈ ಗೆರೆ ಹೋಗುತ್ತೇನೋ?" ಅಂದರು.

ಹಳೇ ನೋಟು, ಹಾಯಿದೋಣಿಯದು.
ಯಾರೋ ಎಂದೋ ಒಂದೇ ಒಂದು ಸಲ ಮಡಿಚಿದ್ದರು.
ಸರಿಯಾಗಿ ಹಾಯಿಯ ಮೇಲೇ ಬಿದ್ದಿತ್ತು ಮಡಿಕೆ.

ನಲವತ್ತು ವರ್ಷ ಇದ್ದಿಲು ತಿಂದ ಪೆಟ್ಟಿಗೆ ನನ್ನದು.
ರೇಷ್ಮೆ ಎಲ್ಲಿ ಮುನಿಯುತ್ತದೆ, ಖಾದಿ ಎಷ್ಟು ನೀರು ಕೇಳುತ್ತದೆ, ಬಲ್ಲೆ.
ನೋಟು ಮಾತ್ರ ಹೊಸದು.
ಅಂಚಿನ ಕೊಳೆಯನ್ನು ಹನಿ ನೀರಲ್ಲಿ ಬಿಡಿಸಿ,
ಎರಡು ಒದ್ದೆ ಪಂಚೆತುಂಡಿನ ನಡುವೆ ಮಲಗಿಸಿ,
ಉಸಿರು ಕಟ್ಟಿ ಒತ್ತಿದೆ.
ಗೂಡ್ಸು ಗಾಡಿ ಹೋಯಿತು, ಗೇಟು ಎದ್ದಿತು,
ಗೆರೆ ಇರಲಿಲ್ಲ.
ಹತ್ತರ ನೋಟಿಗೆ ಐವತ್ತು ಕೂಲಿ!
ನಗುತ್ತಲೇ ಕೊಟ್ಟು ಹೋದರು.

ಮೂರು ತಿಂಗಳಿಗೆ ಬಂತು ನೋಟು,
ಯಾವುದೋ ಊರಲ್ಲಿ ಪರೀಕ್ಷೆ ಬರೆದು,
ಗಾಜಿನಂಥ ಪ್ಲಾಸ್ಟಿಕ್ಕಿನೊಳಗೆ ಸೀಲು ಹಾಕಿಸಿಕೊಂಡು.
ನೆತ್ತಿಯ ಮೇಲೊಂದು ಚೀಟಿ, ಚೀಟಿಯಲ್ಲಿ ಸಣ್ಣ ಅಂಕಿ,
ಅದರಡಿ ಇನ್ನೂ ಸಣ್ಣ ಇಂಗ್ಲಿಷು.
ಕೊಟ್ರಬಸಪ್ಪನವರೇ ಓದಿ ಹೇಳಿದರು:
ಒಗೆದಿದೆ. ಒತ್ತಿದೆ.

ಭಾನುವಾರ ಮಂಡಿಪೇಟೆಯ ಮಹಡಿಗೆ ನನ್ನನ್ನೂ ಕರೆಸಿದರು,
ಸಾಕ್ಷಿಯೋ ಕಳ್ಳನೋ ತಿಳಿಯಲಿಲ್ಲ.
ಮಂಡಕ್ಕಿ ಮೆಣಸಿನಕಾಯಿ ಒಂದು ಮೂಲೆಗೆ, ನೋಟು ಇನ್ನೊಂದು ಮೂಲೆಗೆ,
ನಡುವೆ ಕೈ ಒರೆಸಲು ನಾನೇ ಒಗೆದ ಟವೆಲು.

"ಡಬ್ಬಿ ಬೇಕೇ ಬೇಕು" ಅಂದರು ಮುನಾಫ್ ಸಾಹೇಬರು,
ಬ್ಯಾಂಕಲ್ಲಿ ಮೂವತ್ತು ವರ್ಷ ಎಣಿಸಿದವರು.
"ಬೆವರು, ನುಸಿ, ನಕಲಿ, ಮೂರಕ್ಕೂ ಅದೊಂದೇ ಬಾಗಿಲು."
ನನ್ನ ಕಡೆ ನೋಡಿ ನಾಲ್ಕನೆಯದನ್ನು ನುಂಗಿಕೊಂಡರು.
"ಚೀಟಿ ಇದ್ದರೆ ಹುಬ್ಬಳ್ಳಿಯವನು ಮುಖ ನೋಡದೆ ದುಡ್ಡು ಹಾಕ್ತಾನೆ" ಅಂದ
ಮೊಬೈಲು ಕೆಳಗಿಡದ ಹುಡುಗ, ತೇಜಮೂರ್ತಿ.
ಸುಗುಣಾಬಾಯಿ ಮಾತ್ರ ಆ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.
"ಗರಿಗರಿ ಅನ್ನೋದೆಲ್ಲಿ? ಪ್ಲಾಸ್ಟಿಕ್ಕು ಕೆಮ್ಮುತ್ತೆ.
ನೀವು ನೋಟು ಬಿಟ್ಟು ಚೀಟಿ ಕೂಡಿಸ್ತಿದ್ದೀರಿ."

ನಾನು ಸುಮ್ಮನೆ ಕೂತೆ.
ನಮ್ಮ ಮನೆಯಲ್ಲಿ ಒಗೆದದ್ದಕ್ಕೇ ಮಡಿ ಅಂತ ಹೆಸರು.
ದೇವರಿಗೂ ಅದೇ, ಹೆಣಕ್ಕೂ ಅದೇ.
ಇವರ ಅಜ್ಜಂದಿರು ಮದುಮಕ್ಕಳಾಗಿ ಕಾಲಿಟ್ಟದ್ದು
ನನ್ನಜ್ಜ ಹಾಸಿದ ನಡೆಮಡಿಯ ಮೇಲೆ.
ಈ ಚೀಟಿಯಲ್ಲಿ ಒಗೆದದ್ದೇ ಮೈಲಿಗೆ.
ಮಡಿ ಕೆಟ್ಟಿತೋ, ಮಡಿಕೆ ಕೆಟ್ಟಿತೋ,
ಕೇಳೋಣ ಅಂದರೆ ಬರೆದವನ ಊರೇ ಗೊತ್ತಿಲ್ಲ.

ನನ್ನ ಹತ್ತಿರವೂ ಇದೆ ಒಂದು. ಯಾರಿಗೂ ತೋರಿಸಿಲ್ಲ.
ಜೇಬಲ್ಲಿ ಸಿಕ್ಕಿದ್ದನ್ನೆಲ್ಲ ವಾಪಸು ಕೊಟ್ಟವನು ನಾನು,
ಬಸ್ ಟಿಕೆಟ್ಟನ್ನೂ.
ಮಿಲ್ಲು ಮುಚ್ಚಿದ ವಾರ ಒಗೆಯಲು ಹಾಕಿದ ಒಂದು ಖಾಕಿ ಪ್ಯಾಂಟು,
ಒಡೆಯ ಬರಲೇ ಇಲ್ಲ.
ಜೇಬಲ್ಲಿ ಎರಡರ ನೋಟು ಹಿಟ್ಟಿನುಂಡೆಯಾಗಿತ್ತು.
ಎಸಳೆಸಳಾಗಿ ಬಿಡಿಸಿ ಕಲ್ಲಿನ ಮೇಲೆ ಒಣಗಿಸಿದೆ.
ಆ ಪ್ಯಾಂಟಿನ ಮಡಿಕೆಯೊಳಗೇ ಇಟ್ಟಿದ್ದೇನೆ.
ಅದಕ್ಕೆ ಯಾವ ಅಂಕಿ ಬರುತ್ತದೋ.

ಮೊನ್ನೆ ಮತ್ತೆ ಗೇಟು ಬಿತ್ತು.
ಕೊಟ್ರಬಸಪ್ಪನವರು ಡಬ್ಬಿಯನ್ನು ಚೀಲದಿಂದ ತೆಗೆದು
ಮಾತಿಲ್ಲದೆ ಚಾಚಿದರು.
ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದೆ.
ಆಷಾಢದ ಥಂಡಿಗೋ ಏನೋ,
ಒಳಗೊಳಗೇ ಎದ್ದಿತ್ತು ಗೆರೆ,
ಕೂದಲಿಗಿಂತ ತೆಳ್ಳಗೆ, ಹಾಯಿಯ ಮೇಲೆ.

"ಏನಾದರೂ ಕಾಣುತ್ತಾ?"
"ಇಲ್ಲ ಬಿಡಿ" ಅಂದೆ.

ಕೈ ಮಾತ್ರ ತನ್ನಷ್ಟಕ್ಕೆ
ಪೆಟ್ಟಿಗೆಯ ಹಿಡಿಯವರೆಗೆ ಹೋಗಿ ಬಂತು.